ಫ್ರಿಜ್ಜಿನ ನಾತ ಎಲ್ಲಿ ಅಡಗಿ ಕೂತಿರುತ್ತದೆ?



ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ಊರು ಮುಗಿಯುವ ಹೊತ್ತಿಗೆ ಕಪನೂರ ಬರುತ್ತದೆ. ಒಂದು ಕಡೆ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲುಗಳು, ಇನ್ನೊಂದು ಕಡೆ ಒತ್ತೊತ್ತಾಗಿ ಬೆಳೆದ ಮನೆಗಳು. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕೆಂಪು ಬಾಳೆಹಣ್ಣಿನ ಕಮಲಾಪುರ. ಏಪ್ರಿಲ್ ಬಂತೆಂದರೆ ಈ ಸೀಮೆ ಹಂಚಿನಂತೆ ಕಾಯುತ್ತದೆ. ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಬೆಳಿಗ್ಗೆ ಮಾಡಿದ ಬ್ಯಾಳಿ ಸಂಜೆಗೆ ಹಳಸುತ್ತದೆ, ಹಾಲು ಎರಡನೇ ಸಲ ಕಾಯಿಸುವ ಮೊದಲೇ ಒಡೆಯುತ್ತದೆ. ಇಂಥ ಕಡೆ ಫ್ರಿಜ್ ಷೋಕಿಯ ವಸ್ತುವಾಗಿ ಉಳಿದಿಲ್ಲ. ಕೂಡಿಟ್ಟ ದುಡ್ಡಿನಲ್ಲೋ ಕಂತಿನಲ್ಲೋ ತಂದು, ಅಡುಗೆಮನೆಯಲ್ಲಿ ಜಾಗ ಸಾಲದಿದ್ದರೆ ಪಡಸಾಲೆಯಲ್ಲಾದರೂ ನಿಲ್ಲಿಸಿಕೊಂಡ ಅಗತ್ಯದ ವಸ್ತು ಅದು. ಆದ್ದರಿಂದಲೇ ಅದು ನಾರತೊಡಗಿದಾಗ ಮನೆಯ ಹೆಣ್ಣುಮಕ್ಕಳಿಗೆ ಆಗುವ ಸಂಕಟ ಸಣ್ಣದಲ್ಲ. ಬಂದ ಬೀಗರ ಮುಂದೆ ಬಾಗಿಲು ತೆಗೆಯಲು ನಾಚಿಕೆ, ಕುಡಿಯುವ ನೀರಿಗೂ ಹಾಲಿಗೂ ಅದೇ ವಾಸನೆ, ಎಷ್ಟು ತೊಳೆದರೂ ಮತ್ತೆ ಮೂರನೇ ದಿನಕ್ಕೆ ಅದೇ ಕಥೆ.

ಈ ಮೊಂಡು ನಾತವನ್ನು ಬೇರುಸಹಿತ ತೆಗೆಯುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು.

ಸಾಮಾನ್ಯವಾಗಿ ನಾವು ಮಾಡುವುದೇನು? ನಿಂಬೆಹಣ್ಣು ಹೆಚ್ಚಿ ಇಡುತ್ತೇವೆ. ಕರ್ಪೂರ ಇಡುತ್ತೇವೆ. ಕೆಲವರು ಸುಗಂಧದ ಸ್ಪ್ರೇ ಹೊಡೆಯುವುದನ್ನೂ ನೋಡಿದ್ದೇನೆ. ತಿನ್ನುವ ಪದಾರ್ಥ ಇಡುವ ಜಾಗದಲ್ಲಿ ಕರ್ಪೂರ, ಸ್ಪ್ರೇ ದಯವಿಟ್ಟು ಬೇಡ. ಅವು ನಾತವನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತವೆ, ಅಷ್ಟೆ. ಒಂದೆರಡು ದಿನಕ್ಕೆ ಎರಡೂ ಬೆರೆತು ಇನ್ನೂ ಕೆಟ್ಟದಾಗುತ್ತದೆ. ಫ್ರಿಜ್ಜಿಗೆ ತನ್ನದೇ ಆದ ವಾಸನೆ ಇಲ್ಲ. ಅದು ನಾರುತ್ತಿದೆ ಎಂದರೆ ಒಳಗೆ ಎಲ್ಲೋ ಒಂದು ಕಡೆ ಏನೋ ಕೊಳೆಯುತ್ತಿದೆ, ಇಲ್ಲವೆ ಕೊಳೆತದ್ದರ ರಸ ಎಲ್ಲೋ ಇಳಿದು ಕೂತಿದೆ. ಆ ಜಾಗ ಸಿಗುವ ತನಕ ಯಾವ ಮದ್ದೂ ನಾಟುವುದಿಲ್ಲ.

ಫ್ರಿಜ್ಜಿನಲ್ಲಿಟ್ಟದ್ದು ಕೆಡುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ತಂಪು ಕೊಳೆಯುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಸೂಡೊಮೊನಾಸ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳು 4 ಡಿಗ್ರಿಯಲ್ಲೂ ಬೆಳೆಯುತ್ತವೆ. ಹಳೆಯ ಮಾಂಸದ ಮೇಲೆ, ಮೀನಿನ ಮೇಲೆ ಕೈಗೆ ಹತ್ತುವ ಲೋಳೆ ಇದೆಯಲ್ಲ, ಅದು ಹೆಚ್ಚಾಗಿ ಅವುಗಳದೇ ಕೆಲಸ. ಫ್ರಿಜ್ಜಿನ ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರಬೇಕು. ಆದರೆ ಕರೆಂಟ್ ಬಿಲ್ಲಿನ ಹೆದರಿಕೆಗೆ ಒಳಗಿನ ಗುಂಡಿಯನ್ನು ಒಂದಕ್ಕೋ ಎರಡಕ್ಕೋ ಇಳಿಸಿಟ್ಟು, ಬೇಸಿಗೆಯಲ್ಲೂ ಅದನ್ನು ತಿರುಗಿಸದೆ ಬಿಡುವ ಮನೆಗಳು ಬಹಳ. ಹೊರಗೆ 43 ಡಿಗ್ರಿ ಇರುವಾಗ ಆ ಗುಂಡಿ ಒಂದರಲ್ಲಿದ್ದರೆ ಒಳಗೆ ತಂಪು ಇರುವುದು ನಮ್ಮ ಭಾವನೆಯಲ್ಲಿ ಮಾತ್ರ. ಥರ್ಮಾಮೀಟರ್ ಒಂದನ್ನು ನೀರಿನ ಲೋಟದಲ್ಲಿ ಅದ್ದಿ ರಾತ್ರಿಯಿಡೀ ಒಳಗಿಟ್ಟು ಬೆಳಿಗ್ಗೆ ನೋಡಿದರೆ ಸತ್ಯ ಗೊತ್ತಾಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅಷ್ಟು ಕೆಳಗಿನ ಅಂಕಿ ಅದರಲ್ಲಿ ಇರುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಾತ ಬಂದರೆ ಕೆಟ್ಟಿದೆ ಎನ್ನುವುದು ಸರಿ. ನಾತ ಬರದಿದ್ದರೆ ಒಳ್ಳೆಯದಿದೆ ಎನ್ನುವುದು ಸರಿಯಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೇ ಬೆಳೆಯುತ್ತದೆ, ಪದಾರ್ಥದ ವಾಸನೆಯಲ್ಲಿ ಯಾವ ಸುಳಿವನ್ನೂ ಕೊಡದೆ. ಬಸುರಿಯರಿಗೆ, ಮುದುಕರಿಗೆ ಅದು ಬಹಳ ಅಪಾಯದ್ದು. ಮೂಸಿ ನೋಡಿ ಉಣ್ಣುವ ರೂಢಿಯನ್ನು ಪೂರ್ತಿ ನಂಬಬೇಡಿ.

ಈಗ ನಾತದ ಜಾತಿ ತಿಳಿದುಕೊಳ್ಳೋಣ. ಎಲ್ಲ ನಾತಕ್ಕೂ ಒಂದೇ ಮದ್ದು ಎಂದುಕೊಂಡಿರುವುದರಿಂದಲೇ ನಮ್ಮ ಎಷ್ಟೋ ಪ್ರಯತ್ನ ನೀರಿನಲ್ಲಿ ಹೋಮವಾಗುತ್ತದೆ.

ಸಮುದ್ರದ ಮೀನು ಹಳತಾದಾಗ ಟ್ರೈಮೀಥೈಲಮೈನ್ ಎಂಬ ವಸ್ತು ಹುಟ್ಟುತ್ತದೆ. ಮಾಂಸ ಕೊಳೆತಾಗ ಹುಟ್ಟುವ ಎರಡು ವಸ್ತುಗಳನ್ನು ಬರ್ಲಿನ್ನಿನ ವೈದ್ಯ ಲುಡ್ವಿಗ್ ಬ್ರೀಗರ್ 1885ರಲ್ಲಿ ಬೇರ್ಪಡಿಸಿ ಹೆಸರಿಟ್ಟ. ಒಂದು ಪ್ಯೂಟ್ರೆಸಿನ್, ಇನ್ನೊಂದು ಕೆಡಾವರಿನ್. ಇವೆಲ್ಲ ಕ್ಷಾರದ ಗುಣದವು. ಕ್ಷಾರವನ್ನು ಮುರಿಯುವುದು ಹುಳಿ. ಮೀನು ತೊಳೆಯುವಾಗ ನಮ್ಮ ಅವ್ವಂದಿರು ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದರು, ನಿಂಬೆ ಹಿಂಡುತ್ತಿದ್ದರು. ರಸಾಯನಶಾಸ್ತ್ರ ಓದದ ಕೈಗಳು ಮಾಡಿದ ಪಕ್ಕಾ ರಸಾಯನಶಾಸ್ತ್ರ ಅದು. ಮೀನು, ಮಾಂಸದ ನಾತಕ್ಕೆ ವಿನೆಗರ್ ಬೇಕು, ಸೋಡಾ ಅಲ್ಲ.

ಹಾಲು ಚೆಲ್ಲಿ ಹಳಸಿದ್ದು, ಬೆಣ್ಣೆ ಮುಗ್ಗಿದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಹುಟ್ಟುವುದು ಬ್ಯುಟಿರಿಕ್ ಆಮ್ಲದಂಥವು. ವಾಂತಿಯ ವಾಸನೆಗೂ ಅದೇ ಕಾರಣ. ಆಮ್ಲವನ್ನು ಮುರಿಯುವುದು ಅಡುಗೆ ಸೋಡಾ. ಹಾಲಿನ ನಾತಕ್ಕೆ ಹುಳಿ ಹಾಕಿದರೆ ಏನೂ ಆಗುವುದಿಲ್ಲ, ಸೋಡಾ ನೀರು ಹಾಕಿ ಒರೆಸಿದರೆ ಹೋಗುತ್ತದೆ.

ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೆಟ್ಟ ತತ್ತಿ, ಕೊಳೆತ ಎಲೆಕೋಸು ಇವುಗಳದು ಗಂಧಕದ ಸಂಯುಕ್ತಗಳ ವಾಸನೆ. ಇವು ಹುಳಿಗೂ ಸೋಡಾಕ್ಕೂ ಅಷ್ಟಾಗಿ ಬಗ್ಗುವುದಿಲ್ಲ. ಇವಕ್ಕೆ ಗಾಳಿ ಬೇಕು, ಇದ್ದಿಲು ಬೇಕು, ನಾಲ್ಕು ದಿನದ ತಾಳ್ಮೆ ಬೇಕು.

ಜಾತಿ ಗೊತ್ತಿಲ್ಲದಿದ್ದರೆ ಮೊದಲು ಸೋಡಾ ನೀರಿನಿಂದ ಒರೆಸಿ, ಸ್ವಚ್ಛ ನೀರಿನಿಂದ ತೆಗೆದು, ಆಮೇಲೆ ವಿನೆಗರಿನಿಂದ ಒರೆಸಿ. ಎರಡನ್ನೂ ಒಂದೇ ಬೋಗುಣಿಯಲ್ಲಿ ಕೂಡಿಸಬೇಡಿ. ಕೂಡಿಸಿದ ಕೂಡಲೇ ಬುರುಬುರು ನೊರೆ ಬರುತ್ತದೆ, ಭಾರಿ ಶಕ್ತಿ ಇದ್ದಂತೆ ಕಾಣುತ್ತದೆ. ನಿಜವಾಗಿ ಆಗಿದ್ದೇನೆಂದರೆ ಹುಳಿ ಸೋಡಾವನ್ನು ತಿಂದಿತು, ಸೋಡಾ ಹುಳಿಯನ್ನು ತಿಂದಿತು, ಉಳಿದದ್ದು ಒಂದು ಬಗೆಯ ಉಪ್ಪಿನ ನೀರು. ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳಲ್ಲಿ ಈ ನೊರೆಯನ್ನೇ ತೋರಿಸಿ ಜನರನ್ನು ನಂಬಿಸುತ್ತಾರೆ. ನಂಬಬೇಡಿ.

ಸೋಡಾದ ಡಬ್ಬಿ ಬಾಯಿ ತೆರೆದು ಫ್ರಿಜ್ಜಿನಲ್ಲಿಡುವ ರೂಢಿ ಬಂದದ್ದು ಅಮೆರಿಕದಿಂದ. ಅಲ್ಲಿನ ಆರ್ಮ್ ಅಂಡ್ ಹ್ಯಾಮರ್ ಎಂಬ ಸೋಡಾ ಕಂಪನಿ 1972ರಲ್ಲಿ ಹೀಗೆ ಇಡಿ ಎಂದು ಜಾಹೀರಾತು ಮಾಡಿತು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಡಬ್ಬಿಯ ಸಣ್ಣ ಬಾಯಿಗೆ ತಾಗುವ ಗಾಳಿ ಎಷ್ಟು? ಇಡುವುದಾದರೆ ಅಗಲವಾದ ತಾಟಿನಲ್ಲಿ ತೆಳ್ಳಗೆ ಹರಡಿ ಇಡಬೇಕು, ತಿಂಗಳಿಗೊಮ್ಮೆ ಬದಲಿಸಬೇಕು. ಆ ಸೋಡಾವನ್ನು ಮತ್ತೆ ಭಜಿಗೆ ಹಾಕಬಾರದು.

ಕಪನೂರದ ಒಂದು ಮನೆಯ ವಿಷಯ ಹೇಳುತ್ತೇನೆ. ಮನೆಯವರು ಮದುವೆಗೆಂದು ಹಳ್ಳಿಗೆ ಹೋಗಿದ್ದರು. ಬರುವಷ್ಟರಲ್ಲಿ ಕರೆಂಟ್ ಹೋಗಿ ಬಂದು ಮಾಡಿ, ಒಳಗಿದ್ದ ಹಾಲು, ಬ್ಯಾಳಿ ಎಲ್ಲ ಹಳಸಿ ಹರಿದಿತ್ತು. ಅದನ್ನೆಲ್ಲ ಚೆಲ್ಲಿ ತೊಳೆದ ಮೇಲೂ ನಾತ ಹೋಗಿರಲಿಲ್ಲ.

“ಅಕ್ಕಾ, ಎಲ್ಲಾ ತೊಳ್ದೀನ್ರಿ. ನಿಂಬಿಹಣ್ಣ ಇಟ್ಟೀನಿ, ಸೋಡಾ ಇಟ್ಟೀನಿ. ಬಾಗಿಲಾ ತೆಗದ್ರ ಮತ್ತ ಅದೇ ನಾತ ಬರ್ಲತ್ತದ,” ಎಂದು ಆ ಮನೆಯ ತಂಗಿ ಕಣ್ಣೀರು ತಂದುಕೊಂಡಳು.

“ಹಿಂದ ನೋಡೀಯೇನವ್ವಾ?” ಎಂದೆ.

“ಹಿಂದ ಏನದರಿ ನೋಡ್ಲಿಕ್ಕ?”

ಪ್ಲಗ್ ತೆಗೆದು, ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದೆವು. ಕೆಳಗೆ, ಕಂಪ್ರೆಸರಿನ ಮೇಲೆ, ಒಂದು ಕಪ್ಪು ಪ್ಲಾಸ್ಟಿಕ್ ತಟ್ಟೆ ಇತ್ತು. ಅದರಲ್ಲಿ ಎರಡು ಬೆರಳು ಆಳದ ಕಂದು ನೀರು. ಮೇಲೆ ಹಾಲಿನ ಕೆನೆಯಂಥ ಪೊರೆ, ಆದರೆ ಬೂದು ಬಣ್ಣದ್ದು. ಅಂಚಿನಲ್ಲಿ ಒಣಗಿ ಅಂಟಿದ ತೊಗರಿಬ್ಯಾಳಿ, ನಡುವೆ ಸತ್ತ ಜಿರಳೆ. ತಟ್ಟೆ ಅಲುಗಿಸಿದಾಗ ಎದ್ದ ನಾತಕ್ಕೆ ಇಬ್ಬರೂ ಮುಖ ತಿರುಗಿಸಿದೆವು. ಅಷ್ಟು ದಿನ ಮನೆಯವರನ್ನು ಕಾಡಿದ್ದು ಆ ತಟ್ಟೆ.

ಆ ತಟ್ಟೆಯ ಕೆಲಸ ತಿಳಿದುಕೊಂಡರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಫ್ರಿಜ್ಜಿನೊಳಗೆ ಕಟ್ಟಿದ ಹಿಮ ಕರಗಿದಾಗ ಬರುವ ನೀರು ಹಿಂದಿನ ಗೋಡೆಯ ಬುಡದಲ್ಲಿರುವ ಒಂದು ಸಣ್ಣ ತೂತಿನಿಂದ ಕೊಳವೆಗೆ ಇಳಿದು ಈ ತಟ್ಟೆಗೆ ಬೀಳುತ್ತದೆ. ಕಂಪ್ರೆಸರಿನ ಶಾಖಕ್ಕೆ ಅದು ತಾನಾಗಿ ಆವಿಯಾಗಿ ಹೋಗಲಿ ಎಂಬುದು ಮಾಡಿದವರ ಲೆಕ್ಕ. ಬರೀ ನೀರು ಬಿದ್ದರೆ ಲೆಕ್ಕ ಸರಿಯೇ. ಆದರೆ ಒಳಗೆ ಹಾಲು ಚೆಲ್ಲಿದರೆ, ಬ್ಯಾಳಿ ಸೋರಿದರೆ, ಮಾಂಸದ ನೀರು ಇಳಿದರೆ ಅದೂ ಅದೇ ತೂತಿನ ದಾರಿ ಹಿಡಿಯುತ್ತದೆ. ಕತ್ತಲು, ತೇವ, ಬೆಚ್ಚಗಿನ ಜಾಗ; ಮೇಲಿಂದ ತಿನ್ನಲು ಹಾಲು, ಬ್ಯಾಳಿ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಒಳಗೆ ಎಷ್ಟು ತಿಕ್ಕಿದರೂ ತಟ್ಟೆಯ ನಾತ ಅಡುಗೆಮನೆ ತುಂಬುತ್ತದೆ, ಕೊಳವೆಯ ನಾತ ಒಳಗೆ ಏರುತ್ತದೆ. ಎಲ್ಲ ಫ್ರಿಜ್ಜುಗಳಲ್ಲಿ ಈ ತಟ್ಟೆ ಒಂದೇ ಜಾಗದಲ್ಲಿ ಇರುವುದಿಲ್ಲ. ಕೆಲವದರಲ್ಲಿ ಕೈಯಿಂದ ಎಳೆದರೆ ಬರುತ್ತದೆ, ಕೆಲವದರಲ್ಲಿ ಸ್ಕ್ರೂ ಬಿಚ್ಚಬೇಕು. ಬಿಚ್ಚಲು ಬರದಿದ್ದರೆ ಬಲವಂತ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ. ಅವರು ಗ್ಯಾಸ್ ತುಂಬಲು ಬಂದಾಗ, ತಟ್ಟೆಯನ್ನೂ ತೊಳೆದುಕೊಡಪ್ಪಾ ಎಂದು ಬಾಯಿಬಿಟ್ಟು ಕೇಳಿ.

ಕೊಳವೆಗೆ ಒಂದು ಉಪಾಯವಿದೆ. ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜನ್ನು ಸೂಜಿ ಇಲ್ಲದೆ ತಂದುಕೊಳ್ಳಿ. ಉಗುರು ಬೆಚ್ಚಗಿನ ಸೋಡಾ ನೀರನ್ನು ಅದರಲ್ಲಿ ಎಳೆದು ಆ ತೂತಿಗೆ ನಿಧಾನವಾಗಿ ಒತ್ತಿ. ಹಿಂದೆ ತಟ್ಟೆಗೆ ನೀರು ಬೀಳುವ ಸದ್ದು ಕೇಳಬೇಕು. ಮೊದಲು ಬರುವುದು ಕಪ್ಪು ನೀರು. ತಿಳಿ ನೀರು ಬರುವ ತನಕ ಬಿಡಬೇಡಿ. ತಂತಿ, ಹೆಣಿಗೆಯ ಕಡ್ಡಿ ತುರುಕಿ ಕೊಳವೆ ಹರಿಯಬೇಡಿ.

ತೂತು, ತಟ್ಟೆ ಆದ ಮೇಲೆ ಬಾಗಿಲಿನ ರಬ್ಬರು. ಅದರ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ, ಕಪ್ಪು ಬೂಸು ಕಾಣುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸಾಬೂನಿನ ನೀರು ಹಚ್ಚಿ ಮಡಿಕೆ ಮಡಿಕೆ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ. ಆಮೇಲೆ ಒಂದು ಹತ್ತು ರೂಪಾಯಿ ನೋಟನ್ನು ಬಾಗಿಲಿನಲ್ಲಿ ಸಿಗಿಸಿ ಮುಚ್ಚಿ, ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ರಬ್ಬರು ಸಡಿಲಾಗಿದೆ. ಅಲ್ಲಿಂದ ಬಿಸಿಗಾಳಿ ನುಗ್ಗುತ್ತದೆ, ಒಳಗೆ ಬೆವರುತ್ತದೆ, ಬೂಸು ಬರುತ್ತದೆ. ರಬ್ಬರು ಬದಲಿಸುವ ತನಕ ನಾತ ಮರಳಿ ಬರುತ್ತಲೇ ಇರುತ್ತದೆ.

ಇನ್ನು ಒಳಗಿನ ತೊಳೆತ. ಪ್ಲಗ್ ತೆಗೆದೇ ಕೆಲಸ ಶುರು ಮಾಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ನೆರೆಮನೆಯ ಫ್ರಿಜ್ಜಿನಲ್ಲಿ ಇಟ್ಟು ಬನ್ನಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಅದನ್ನು ಫ್ರೀಜರಿನಲ್ಲಿ ಇಟ್ಟರೂ ಕೆಡುತ್ತದೆ, ನಮ್ಮ ಮೇ ತಿಂಗಳ ಅಡುಗೆಮನೆಯಲ್ಲಿ ಬಿಟ್ಟರೂ ಕೆಡುತ್ತದೆ. ಗಾಜಿನ ಹಲಗೆಗಳನ್ನು ಹೊರಗೆ ತೆಗೆದು ಅರ್ಧ ಗಂಟೆ ಹಾಗೇ ಬಿಡಿ. ತಣ್ಣಗಿನ ಗಾಜಿಗೆ ಬಿಸಿನೀರು ಸುರಿದರೆ ಸೀಳುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಸಾಕು. ಬಟ್ಟೆ ಒಗೆಯುವ ಸೋಡಾ ಬೇರೆ, ಅದನ್ನು ತರಬೇಡಿ. ಒಂದು ಬಾಗಿಲಿನ ಫ್ರಿಜ್ಜುಗಳ ಫ್ರೀಜರ್ ಪೆಟ್ಟಿಗೆ ಬಹುಮಟ್ಟಿಗೆ ಅಲ್ಯುಮಿನಿಯಮ್‌ನದು, ಬಟ್ಟೆ ಸೋಡಾ ಅದನ್ನು ತಿನ್ನುತ್ತದೆ. ವಿನೆಗರಾದರೆ ಅಷ್ಟೇ ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ಸ್ವಚ್ಛ ನೀರಿನ ಬಟ್ಟೆಯಿಂದ ತೆಗೆಯಿರಿ.

ಬೂಸು ಜಾಸ್ತಿ ಇದ್ದರೆ ದ್ರವರೂಪದ ಬ್ಲೀಚ್ ಬಳಸಬಹುದು. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅದಕ್ಕಿಂತ ಹೆಚ್ಚು ಬೇಡ. ಕೇಳುಗರೆ, ಇದನ್ನು ಒತ್ತಿ ಹೇಳುತ್ತೇನೆ: ಬ್ಲೀಚಿಗೆ ವಿನೆಗರ್, ನಿಂಬೆರಸ ತಾಗಿಸಬೇಡಿ. ಅವು ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಅದನ್ನು ಉಸಿರಾಡಿದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಒಂದನ್ನು ಬಳಸಿದ ದಿನ ಇನ್ನೊಂದನ್ನು ಮುಟ್ಟಬೇಡಿ.

ತೊಳೆದ ಮೇಲೆ ಒಣಗಿಸುವುದು. ನಮಗೆ ದೇವರು ಕೊಟ್ಟ ಬಿಸಿಲಿದೆ. ಟ್ರೇ, ಡಬ್ಬಿಗಳನ್ನು ಬೆಳಗಿನ ಎಳೆಬಿಸಿಲಿಗೆ ಇಡಿ. ಮಧ್ಯಾಹ್ನದ ಬಿಸಿಲಿಗೆ ಪ್ಲಾಸ್ಟಿಕ್ ಡೊಂಕಾಗುತ್ತದೆ, ಸೀಳುತ್ತದೆ. ಫ್ರಿಜ್ಜಿನ ಬಾಗಿಲನ್ನು ಒಂದೆರಡು ದಿನ ತೆರೆದೇ ಬಿಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಗಿಲು ಮುಚ್ಚಿಕೊಳ್ಳದ ಹಾಗೆ ಹಗ್ಗದಿಂದ ಕಟ್ಟಿ. ಖಾಲಿ ಫ್ರಿಜ್ಜಿನೊಳಗೆ ಆಟಕ್ಕೆ ಹೊಕ್ಕು, ಬಾಗಿಲು ಮುಚ್ಚಿಕೊಂಡು ಉಸಿರುಕಟ್ಟಿ ಜೀವ ಕಳೆದುಕೊಂಡ ಮಕ್ಕಳಿದ್ದಾರೆ.

ಒಣಗಿದ ಮೇಲೂ ಒಂದಿಷ್ಟು ವಾಸನೆ ಉಳಿಯುತ್ತದೆ. ಇದಕ್ಕೆ ಕಾರಣ ಪ್ಲಾಸ್ಟಿಕ್. ಒಳಗೋಡೆಯ ಪ್ಲಾಸ್ಟಿಕ್ ವಾಸನೆಯನ್ನು ಹೀರಿಕೊಂಡು, ದಿನ ದಿನ ಸ್ವಲ್ಪ ಸ್ವಲ್ಪ ಬಿಡುತ್ತದೆ. ಅದಕ್ಕೆ ಇದ್ದಿಲಿಗಿಂತ ಒಳ್ಳೆಯದು ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಸಂಸ್ಕರಿಸಿದ ಇದ್ದಿಲಾದರೆ, ಒಂದೇ ಒಂದು ಗ್ರಾಂ ತೂಕದ್ದರಲ್ಲಿ ಆ ರಂಧ್ರಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಹೆಚ್ಚಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಉಳಿಸಲು ರಷ್ಯಾದ ನಿಕೊಲಾಯ್ ಜೆಲಿನ್ಸ್ಕಿ 1915ರಲ್ಲಿ ಮಾಡಿದ ಮುಖವಾಡದೊಳಗೆ ಇದ್ದದ್ದು ಇಂಥದೇ ಇದ್ದಿಲು. ಬಣ್ಣದ ಮೀನು ಮಾರುವ ಅಂಗಡಿಗಳಲ್ಲಿ ಸಂಸ್ಕರಿಸಿದ ಇದ್ದಿಲು ಸಿಗುತ್ತದೆ. ಅದು ಸಿಗದಿದ್ದರೆ ಇಸ್ತ್ರಿ ಅಂಗಡಿಯ ಕಟ್ಟಿಗೆ ಇದ್ದಿಲೂ ನಡೆಯುತ್ತದೆ, ಕೆಲಸ ನಿಧಾನ. ತೊಳೆಯದೆ, ದಪ್ಪ ಪುಡಿ ಮಾಡಿ, ಎರಡು ತಾಟಿನಲ್ಲಿ ಹರಡಿ ಮೇಲೊಂದು ಕೆಳಗೊಂದು ಇಡಿ. ಬೇರೆ ಪದಾರ್ಥ ಇಡದೆ ಫ್ರಿಜ್ ಚಾಲೂ ಮಾಡಿ ಮೂರು ನಾಲ್ಕು ದಿನ ಬಿಡಿ. ಸುದ್ದಿಪತ್ರಿಕೆಯನ್ನು ಉಂಡೆ ಮಾಡಿ ತುಂಬಿದರೂ ತೇವದ ಜೊತೆಗೆ ವಾಸನೆಯನ್ನೂ ಒಂದಿಷ್ಟು ಎಳೆಯುತ್ತದೆ, ದಿನಾ ಬದಲಿಸಬೇಕು. ಐಸ್ ಟ್ರೇಯಲ್ಲಿದ್ದ ಹಳೆಯ ಐಸನ್ನು ಮರೆಯದೆ ಚೆಲ್ಲಿ. ಐಸ್ ವಾಸನೆ ಹಿಡಿಯುತ್ತದೆ.

ಎರಡು ಬಾಗಿಲಿನ ಫ್ರಿಜ್ಜಿನವರಿಗೆ ಒಂದು ಮಾತು. ನಿಮ್ಮದರಲ್ಲಿ ಒಂದು ಫ್ಯಾನ್ ಇರುತ್ತದೆ. ಒಂದೇ ತಂಪು ಗಾಳಿಯನ್ನು ಅದು ಮೇಲಿನ ಫ್ರೀಜರಿಗೂ ಕೆಳಗಿನ ಖಾನೆಗೂ ತಿರುಗಿಸುತ್ತದೆ. ಮೇಲೆ ಮಾಂಸ ಕೆಟ್ಟರೆ ಕೆಳಗೆ ಮೊಸರು ನಾರುತ್ತದೆ. ಆದ್ದರಿಂದ ಕೆಳಗೆ ನಾತ ಬಂದರೂ ಮೇಲಿನದನ್ನು ತೆಗೆದು ನೋಡಬೇಕು.

ಎಷ್ಟು ಮಾಡಿದರೂ ಹೋಗದ ನಾತ ಒಂದಿದೆ. ಬಕ್ರೀದಿನ ಮಾಂಸವೋ, ಹಬ್ಬದ ಮರುದಿನ ಕರಿಗೆಂದು ತಂದ ಮಾಂಸವೋ ಫ್ರೀಜರ್ ತುಂಬ ಇರುವಾಗ ದಿನಗಟ್ಟಲೆ ಕರೆಂಟ್ ಹೋಯಿತು, ಇಲ್ಲವೆ ಕಂಪ್ರೆಸರ್ ನಿಂತಿತು ಎನ್ನಿ. ರಕ್ತದ ನೀರು ಇಳಿದು, ಒಳಗೋಡೆಯಲ್ಲಿ ಎಲ್ಲಾದರೂ ಸೀಳು ಇದ್ದರೆ ಅದರ ಹಿಂದಿನ ಫೋಮಿಗೆ ಸೇರುತ್ತದೆ. ಗೋಡೆಗಳ ನಡುವೆ ತುಂಬಿದ ಆ ಫೋಮನ್ನು ತೊಳೆಯಲು ಬರುವುದಿಲ್ಲ, ಬದಲಿಸಲು ಬರುವುದಿಲ್ಲ. ಸೋಡಾ, ವಿನೆಗರ್, ಇದ್ದಿಲು ಎಲ್ಲ ಆಗಿ ಎರಡು ವಾರ ಕಳೆದರೂ ನಾತ ಹಾಗೇ ಇದ್ದರೆ, ಆ ಫ್ರಿಜ್ಜಿನ ಮೇಲೆ ಇನ್ನು ದುಡ್ಡು ಹಾಕಬೇಡಿ. ಹಳೆಯ ಫ್ರಿಜ್ ಕೊಳ್ಳಲು ಹೋಗುವವರೂ ಇದನ್ನು ನೆನಪಿಡಬೇಕು. ಅಂಗಡಿಯಲ್ಲಿ ಬಾಗಿಲು ತೆರೆದಿಟ್ಟಿರುತ್ತಾರೆ, ವಾಸನೆ ಗೊತ್ತಾಗುವುದಿಲ್ಲ. ಬಾಗಿಲು ಮುಚ್ಚಿಸಿ, ಒಂದು ತಾಸು ಬಿಟ್ಟು ತೆಗೆಸಿ, ತಲೆ ಒಳಗೆ ಹಾಕಿ ಮೂಸಿ, ಒಳಗೋಡೆಯ ಮೂಲೆಗಳಲ್ಲಿ ಸೀಳಿದೆಯೇ ಎಂದು ಬೆರಳಾಡಿಸಿ ನೋಡಿ, ಆಮೇಲೆ ದುಡ್ಡು ಎಣಿಸಿ.

ಆಹಾರದ್ದಲ್ಲದ ವಾಸನೆ ಬಂದರೆ, ಅಂದರೆ ವೈರು ಸುಟ್ಟಂತೆ, ರಬ್ಬರು ಕರಗಿದಂತೆ ಬಂದರೆ, ತೊಳೆಯುವ ಮಾತೇ ಬೇಡ. ಪ್ಲಗ್ ತೆಗೆದು ಮೆಕ್ಯಾನಿಕ್‌ನನ್ನು ಕರೆಸಿ. ಇನ್ನೊಂದು ಎಚ್ಚರಿಕೆ: ಫ್ರೀಜರಿನ ಹಿಮವನ್ನು ಚಾಕುವಿನಿಂದ ಕೆತ್ತುವ ಚಟ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಅಲ್ಯುಮಿನಿಯಮ್ ಗೋಡೆಯ ಒಳಗೇ ಗ್ಯಾಸಿನ ನಾಳ ಓಡುತ್ತಿರುತ್ತದೆ, ಚಾಕು ತಾಗಿ ತೂತಾದರೆ ಗ್ಯಾಸ್ ಸೋರುತ್ತದೆ. ಈಗಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ತುಂಬುವ ಆರ್ 600ಎ ಎಂಬುದು ಐಸೊಬ್ಯುಟೇನ್. ಉರಿಯುವ ಅನಿಲ. ಹಿಂದೆ ಇದಕ್ಕಿಂತ ಕೆಟ್ಟದ್ದನ್ನು ತುಂಬುತ್ತಿದ್ದರು. 1926ರ ಸುಮಾರಿಗೆ ಬರ್ಲಿನ್ನಿನಲ್ಲಿ ಫ್ರಿಜ್ಜಿನಿಂದ ಸೋರಿದ ವಿಷಾನಿಲಕ್ಕೆ ಒಂದು ಕುಟುಂಬ ಬಲಿಯಾದ ಸುದ್ದಿ ಓದಿ ನೊಂದು, ಐನ್‌ಸ್ಟೀನರು ಇನ್ನೊಬ್ಬ ವಿಜ್ಞಾನಿ ಲಿಯೊ ಸಿಲಾರ್ಡ್ ಜೊತೆ ಸೇರಿ ಸೋರದ ಫ್ರಿಜ್ಜಿಗೆ ಪೇಟೆಂಟ್ ಪಡೆದರು. ಜಗತ್ತಿನ ದೊಡ್ಡ ವಿಜ್ಞಾನಿಯೊಬ್ಬರು ಮನೆಯ ಅಡುಗೆಮನೆಯ ಚಿಂತೆ ಹಚ್ಚಿಕೊಂಡದ್ದು ನನಗೆ ಬಹಳ ಗೌರವದ ವಿಷಯವಾಗಿ ಕಾಣುತ್ತದೆ. ಹಿಮ ತೆಗೆಯಲು ಡಿಫ್ರಾಸ್ಟ್ ಗುಂಡಿ ಒತ್ತಿ ಕಾಯಿರಿ, ಚಾಕು ಬೇಡ.

ನಾತ ಮತ್ತೆ ಬರದ ಹಾಗೆ ನೋಡಿಕೊಳ್ಳುವುದು ನಮ್ಮ ಊಟದ ರೂಢಿಗೆ ಸೇರಿದ್ದು. ಮಾಡಿದ ಅಡುಗೆಯನ್ನು ಎರಡು ತಾಸಿನ ಒಳಗೆ ತಂಪಿಗೆ ಸೇರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಗೆ 32 ಡಿಗ್ರಿಗಿಂತ ಬಿಸಿ ಇದ್ದರೆ ಒಂದೇ ತಾಸು ಎನ್ನುವುದು ಅಮೆರಿಕದ ಆಹಾರ ತಜ್ಞರ ಲೆಕ್ಕ. ನಮ್ಮ ಕಡೆ ಮಾರ್ಚಿನಿಂದ ಜೂನಿನ ತನಕ ಒಂದು ತಾಸು ಎಂದೇ ತಿಳಿಯಬೇಕು. ರಾತ್ರಿ ಉಳಿದ ಬ್ಯಾಳಿಯನ್ನು ಒಲೆಯ ಮೇಲೆ ಬಿಟ್ಟು ಮಲಗಿ, ಬೆಳಿಗ್ಗೆ ಫ್ರಿಜ್ಜಿನಲ್ಲಿಟ್ಟರೆ ಅದು ಕೆಡುವುದು ಶುರುವಾದ ಮೇಲೆ ಇಟ್ಟಂತೆ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿ ಉಗಿ ಹೋದ ಕೂಡಲೇ ಮುಚ್ಚಿ ಒಳಗಿಡಿ. ಬಳ್ಳೊಳ್ಳಿ ಚಟ್ನಿ, ಹೆಚ್ಚಿದ ಉಳ್ಳಾಗಡ್ಡಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರಲಿ. ಬೆಣ್ಣೆ, ಕೆನೆಗೆ ಕೊಬ್ಬಿರುವುದರಿಂದ ಅವು ಬೇಗ ವಾಸನೆ ಹಿಡಿಯುತ್ತವೆ, ಅವನ್ನೂ ಮುಚ್ಚಿಡಿ. ಪುಂಡಿಪಲ್ಯ, ಮೆಂತೆ ಸೊಪ್ಪನ್ನು ತೊಳೆದು ಹಸಿ ಹಸಿಯಾಗಿ ಕ್ಯಾರಿಬ್ಯಾಗಿನಲ್ಲಿ ಕಟ್ಟಿಟ್ಟರೆ ಮೂರನೇ ದಿನಕ್ಕೆ ಕೊಳೆಯುತ್ತದೆ. ತೊಳೆಯದೆ ಬಟ್ಟೆಯಲ್ಲಿ ಸುತ್ತಿಡಿ. ದೇವರಿಗೆಂದು ಇಟ್ಟ ಹೂವಿನ ಮಾಲೆ ತರಕಾರಿ ಡಬ್ಬಿಯ ತಳದಲ್ಲಿ ಸೇರಿ ಕೊಳೆಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಂಥ ಹಣ್ಣನ್ನು ತಂದು ಫ್ರಿಜ್ಜಿನಲ್ಲಿ ಇಡುವುದು ಹಣ್ಣಿಗೆ ಮಾಡುವ ಅನ್ಯಾಯ. ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪು ಬಾಳೆಗೆ ಒಗ್ಗುವುದಿಲ್ಲ. ಸಿಪ್ಪೆ ಕಪ್ಪಾಗುತ್ತದೆ, ಕಾಯಿಯಾದರೆ ಸರಿಯಾಗಿ ಹಣ್ಣಾಗುವುದೇ ಇಲ್ಲ. ಹಣ್ಣಾಗುವಾಗ ಅದು ಬಿಡುವ ಎಥಿಲೀನ್ ಅನಿಲಕ್ಕೆ ಪಕ್ಕದ ಸೊಪ್ಪು ಬೇಗ ಹಳದಿಯಾಗಿ ಕೊಳೆಯುತ್ತದೆ. ಬಾಳೆಗೊನೆ ಹೊರಗೆ ತೂಗುಹಾಕಿದ್ದೇ ಚೆಂದ. ಹಾಗೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿಬ್ಯಾಳಿ ಇವಕ್ಕೆ ಫ್ರಿಜ್ಜಿನ ಹಂಗು ಬೇಡ. ನೀರಿನಂಶ ತೆಗೆದು ಪದಾರ್ಥ ಉಳಿಸುವ ವಿದ್ಯೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಫ್ರಿಜ್ ತುಂಬಿ ತುಳುಕಿದರೆ ಗಾಳಿ ಆಡುವುದಿಲ್ಲ, ಹಿಂದೆ ಏನು ಬಿದ್ದಿದೆ ಎಂಬುದೂ ಕಾಣುವುದಿಲ್ಲ.

ಕರೆಂಟ್ ಹೋದಾಗ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ತಾಸು ತಂಪು ಹಿಡಿದಿರುತ್ತದೆ, ತುಂಬಿದ ದೊಡ್ಡ ಫ್ರೀಜರ್ ಎರಡು ದಿನದ ತನಕ. ಇದು ಸಾಧಾರಣ ಹವೆಯ ಲೆಕ್ಕ, ನಮ್ಮ ಬೇಸಿಗೆಯಲ್ಲಿ ಇದಕ್ಕಿಂತ ಕಡಿಮೆ ಎಂದುಕೊಳ್ಳಿ. ಊರಿಗೆ ಹೋಗುವಾಗ ಹಾಲು, ಮಾಂಸ, ಮಾಡಿದ ಅಡುಗೆ ಒಳಗೆ ಬಿಟ್ಟು ಹೋಗಬೇಡಿ. ಬಹಳ ದಿನಕ್ಕೆ ಹೋಗುವುದಾದರೆ ಖಾಲಿ ಮಾಡಿ, ಒರೆಸಿ, ಪ್ಲಗ್ ತೆಗೆದು, ಬಾಗಿಲನ್ನು ತೆರೆದೇ ಕಟ್ಟಿ ಹೋಗಿ.

ನಮ್ಮ ಮೂಗಿಗೆ ಒಂದು ಗುಣವಿದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದು ಆ ವಾಸನೆಯನ್ನು ಹೇಳುವುದನ್ನೇ ಬಿಡುತ್ತದೆ. ಮನೆಯವರಿಗೆ ಗೊತ್ತಾಗದ ನಾತ ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಗೊತ್ತಾಗುವುದು ಇದಕ್ಕೇ. ತೊಳೆದದ್ದು ಸರಿಯಾಗಿದೆಯೇ ಎಂದು ನೋಡಲು ನೆರೆಮನೆಯ ಅಕ್ಕನನ್ನೋ ಕಾಕುವನ್ನೋ ಕರೆದು ಬಾಗಿಲು ತೆಗೆಸಿ, ಬಿಚ್ಚುಮನಸ್ಸಿನಿಂದ ಕೇಳಿ. ನಿಮ್ಮನ್ನು ಯಾರಾದರೂ ಹಾಗೆ ಕೇಳಿದರೆ ದಾಕ್ಷಿಣ್ಯ ಮಾಡದೆ ಹೇಳಿ.

ಬರುವ ಭಾನುವಾರ ಮನೆಯ ಗಂಡಸರೂ ಕೈಹಚ್ಚಲಿ. ಎಳೆಯುವ, ಎತ್ತುವ ಕೆಲಸ ಒಬ್ಬ ಹೆಣ್ಣುಮಗಳಿಂದ ಆಗುವಂಥದಲ್ಲ. ಪ್ಲಗ್ ತೆಗೆದು, ಫ್ರಿಜ್ಜನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದು, ಹಿಂದಿನ ಆ ತಟ್ಟೆಯನ್ನು ಒಮ್ಮೆ ನೋಡಿ.